ಇನ್‌ಕ್ರಿಮೆಂಟ್ ಪತ್ರ ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ

ಪ್ರಶ್ನೆ: ಪುಣೆ ಹತ್ತಿರ ಚಾಕಣ್‌ನಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೇನೆ. ಊರು ಬಾಗಲಕೋಟೆ ಕಡೆ. ಈ ಕಂಪನಿಯಲ್ಲಿ ನಾಲ್ಕೂವರೆ ವರ್ಷವಾಯಿತು. ಸಿಟಿಸಿ (ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 9.6 ಲಕ್ಷ ಇತ್ತು. ಮೇ ತಿಂಗಳಲ್ಲಿ ಪತ್ರ ಬಂತು: 5ಕ್ಕೆ 3 ರೇಟಿಂಗ್, ಶೇ. 6 ಇನ್‌ಕ್ರಿಮೆಂಟ್. ಅದೇ 3 ರೇಟಿಂಗ್ ಬಂದ ಪಕ್ಕದ ಹುಡುಗನಿಗೆ ಶೇ. 11. ಮ್ಯಾನೇಜರ್ ಸಾಹೇಬರನ್ನು ಕೇಳಿದರೆ, ‘ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲ, ಬಜೆಟ್ಟೇ ಇಲ್ಲ’ ಅಂದರು. ಇನ್‌ಕ್ರಿಮೆಂಟ್ ನಿಜವಾಗಿ ಹೇಗೆ ನಿರ್ಧಾರ ಆಗುತ್ತದೆ? ಮುಂದಿನ ಸಲಕ್ಕೆ ನಾನೇನು ಮಾಡಬೇಕು? ಬೇರೆ ಕಂಪನಿಯ ಆಫರ್ ಲೆಟರ್ ತಂದು ತೋರಿಸಿದರೆ ಕೆಲಸ ಆದೀತೇ?

ಉತ್ತರ: ನಿಮ್ಮ ಮ್ಯಾನೇಜರ್ ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. ಬಜೆಟ್ ಇತ್ತು. ಅದನ್ನು ಹಂಚಿದ ದಿನ ನಿಮ್ಮ ಹೆಸರು ಬಂದಾಗ ‘ಒಳ್ಳೆ ಹುಡುಗ, ಚೆನ್ನಾಗಿ ಕೆಲಸ ಮಾಡ್ತಾನೆ’ ಅನ್ನುವುದರ ಹೊರತು ಅವರ ಬಳಿ ಬೇರೆ ಮಾತು ಇರಲಿಲ್ಲ ಎಂದು ಕಾಣುತ್ತದೆ. ಆ ಮಾತನ್ನು ಅಲ್ಲಿ ಕೂತ ಎಲ್ಲ ಮ್ಯಾನೇಜರುಗಳೂ ತಮ್ಮ ತಮ್ಮ ಹುಡುಗರ ಬಗ್ಗೆ ಹೇಳುತ್ತಾರೆ. ಎಲ್ಲರ ಬಗ್ಗೆಯೂ ಹೇಳುವ ಮಾತಿನಿಂದ ಯಾರಿಗೂ ದುಡ್ಡು ಹುಟ್ಟುವುದಿಲ್ಲ.

ಮೊದಲು ತಿಂಗಳುಗಳ ಲೆಕ್ಕ ನೋಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಹಿಡಿಯುವ ಕಂಪನಿಗಳಲ್ಲಿ ಮುಂದಿನ ವರ್ಷದ ಸಂಬಳದ ಖರ್ಚನ್ನು ನವೆಂಬರ್-ಡಿಸೆಂಬರ್ ಹೊತ್ತಿಗೇ ಎಚ್‌ಆರ್ ಮತ್ತು ಫೈನಾನ್ಸ್‌ನವರು ಅಂದಾಜು ಹಾಕಿಡುತ್ತಾರೆ. ಜನವರಿಯಲ್ಲಿ ಸೆಲ್ಫ್ ಅಪ್ರೈಸಲ್ ಫಾರ್ಮ್ ತೆರೆಯುತ್ತದೆ. ಫೆಬ್ರವರಿಯಲ್ಲಿ ಮ್ಯಾನೇಜರ್ ರೇಟಿಂಗ್ ತುಂಬುತ್ತಾರೆ. ಮಾರ್ಚ್‌ನಲ್ಲಿ ಕ್ಯಾಲಿಬ್ರೇಶನ್ ಮೀಟಿಂಗ್, ಅಂದರೆ ಎಲ್ಲ ಇಲಾಖೆಗಳ ರೇಟಿಂಗ್ ಒಟ್ಟಿಗಿಟ್ಟು ಪಕ್ಕಾ ಮಾಡುವ ಸಭೆ. ಏಪ್ರಿಲ್‌ನಲ್ಲಿ ಯಾರಿಗೆ ಎಷ್ಟು ಶೇಕಡಾ ಎಂಬ ಪಟ್ಟಿಗೆ ಪ್ಲಾಂಟ್ ಹೆಡ್‌ನಿಂದ ಮೇಲಿನವರವರೆಗೆ ಸಹಿ. ಮೇ ತಿಂಗಳಲ್ಲಿ ಪತ್ರ, ಏಪ್ರಿಲ್‌ನಿಂದ ಲೆಕ್ಕ ಹಿಡಿದು ಅರಿಯರ್ಸ್. ಚಾಕಣ್‌ನಲ್ಲಿ ಹೊರದೇಶದ ಮೂಲದ ಕಂಪನಿಗಳೂ ಬೇಕಾದಷ್ಟಿವೆ. ಜನವರಿಯಿಂದ ಡಿಸೆಂಬರ್ ವರ್ಷ ಹಿಡಿಯುವ ಕಡೆ ಇದೆಲ್ಲ ಮೂರು ತಿಂಗಳು ಮುಂಚೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಮೇ ತಿಂಗಳಲ್ಲಿ ಮ್ಯಾನೇಜರ್ ಎದುರು ಕೂತು ಶೇ. 6ನ್ನು 8 ಮಾಡಿ ಎಂದು ಕೇಳುವುದೆಂದರೆ, ಸಹಿ ಬಿದ್ದು ಮುಚ್ಚಿಹೋದ ಪಟ್ಟಿಯನ್ನು ಮತ್ತೆ ತೆರೆಸು ಎಂದು ಕೇಳಿದಂತೆ. ಆ ಅಧಿಕಾರ ಅವರ ಕೈಯಲ್ಲಿ ಇರುವುದು ಬಲು ಅಪರೂಪ.

ಇನ್ನು ಹಂಚಿಕೆ. ಒಂದು ತಂಡದಲ್ಲಿ 8 ಜನ, ಎಲ್ಲರ ತಿಂಗಳ ಸಿಟಿಸಿ ಸೇರಿ 5,60,000 ರೂ. ಎಂದಿಟ್ಟುಕೊಳ್ಳಿ. ಮೇಲಿನಿಂದ ಬಂದ ಇನ್‌ಕ್ರಿಮೆಂಟ್ ಬಜೆಟ್ ಶೇ. 8. ಅಂದರೆ ಮ್ಯಾನೇಜರ್ ಕೈಗೆ ಬಂದಿದ್ದು ತಿಂಗಳಿಗೆ 44,800 ರೂ. ಎಲ್ಲರಿಗೂ ಸಮನಾಗಿ ಹಂಚಿದರೆ ಎಲ್ಲರಿಗೂ ಶೇ. 8. 70,000 ಸಂಬಳದ ಒಬ್ಬನಿಗೆ ಶೇ. 14 ಕೊಡಬೇಕೆಂದರೆ ಅವನೊಬ್ಬನಿಗೇ 9,800 ಹೋಯಿತು. ಉಳಿದ ಏಳು ಜನರಿಗೆ ಸಿಗುವುದು ಸುಮಾರು ಶೇ. 7.1. ಅಂಥವರು ಇಬ್ಬರಾದರೆ ಉಳಿದ ಆರು ಜನರಿಗೆ ಸರಿಯಾಗಿ ಶೇ. 6. ನಿಮ್ಮ ಶೇ. 6 ಹುಟ್ಟಿದ್ದು ಹೆಚ್ಚುಕಡಿಮೆ ಹೀಗೇ ಇರಬಹುದು. ನಿಮ್ಮ ಕೆಲಸ ಕಡಿಮೆ ಎಂದು ಯಾರೂ ತೀರ್ಮಾನಿಸಿರಬೇಕಿಲ್ಲ. ಇನ್ನಿಬ್ಬರ ಪರವಾಗಿ ಗಟ್ಟಿ ಮಾತು ಬಂದಿರುತ್ತದೆ. ಇದರ ಮೇಲೆ ಬಡ್ತಿಗೆಂದು, ತೀರಾ ಹಿಂದೆ ಬಿದ್ದವರ ಸಂಬಳ ಸರಿಪಡಿಸಲೆಂದು ಎಚ್‌ಆರ್ ಸ್ವಲ್ಪ ಹಣವನ್ನು ಮೊದಲೇ ತೆಗೆದಿಟ್ಟಿರುತ್ತದೆ. ಅದು ಮ್ಯಾನೇಜರ್ ಕೈಗೆ ಬರುವುದೇ ಇಲ್ಲ.

ಬೆಲ್ ಕರ್ವ್, ಅಂದರೆ ಇಂತಿಷ್ಟು ಜನರಿಗೆ ಮಾತ್ರ ಮೇಲಿನ ರೇಟಿಂಗ್ ಎಂದು ಮೊದಲೇ ನಿಗದಿ ಮಾಡುವುದರ ಬಗ್ಗೆ ನೀವು ಕೇಳಿಲ್ಲವಾದರೂ ಇದನ್ನು ಓದುವ ಹತ್ತರಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ ಕಾಲದಲ್ಲಿ ಮೇಲಿನ ಶೇ. 20, ನಡುವಿನ ಶೇ. 70, ಕೆಳಗಿನ ಶೇ. 10 ಎಂದು ನೌಕರರನ್ನು ವಿಂಗಡಿಸುವ ಪದ್ಧತಿ ಹೆಸರು ಮಾಡಿತು. ಮೈಕ್ರೋಸಾಫ್ಟ್ ಅಂಥದ್ದೇ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ಈಗ ಎಷ್ಟೋ ಕಂಪನಿಗಳು ‘ನಮ್ಮಲ್ಲಿ ಕರ್ವ್ ಇಲ್ಲ’ ಎಂದು ಹೇಳಿಕೊಳ್ಳುತ್ತವೆ. ನಂಬಿ, ಆದರೆ ಪೂರ್ತಿ ನಂಬಬೇಡಿ. ಕರ್ವ್ ಬಾಗಿಲಿನಿಂದ ಹೊರಗೆ ಹೋದರೂ ಮೇಲಿನ ಲೆಕ್ಕದಂಥ ಬಜೆಟ್ ಇರುವತನಕ ಕಿಟಕಿಯಿಂದ ಒಳಗೆ ಬಂದೇ ಬರುತ್ತದೆ. ಎಂಟು ಜನರಿಗೂ 4 ಹಾಕಿದ ಮ್ಯಾನೇಜರ್‌ಗೆ ಎಚ್‌ಆರ್ ಪಟ್ಟಿ ವಾಪಸು ಕಳಿಸಿ, ‘ಇದರಲ್ಲಿ ಇಬ್ಬರನ್ನು ಆರಿಸಿ’ ಎನ್ನುತ್ತದೆ. 3 ಎಂದರೆ ‘ನಿರೀಕ್ಷೆಗೆ ತಕ್ಕಂತೆ ಮಾಡಿದ್ದಾನೆ’ ಎಂದು, ಅವಮಾನವಲ್ಲ. ಅದರಿಂದ ದುಡ್ಡು ಬರುವುದಿಲ್ಲ ಎನ್ನುವುದು ಬೇರೆ ಮಾತು.

ಈಗ ಪಕ್ಕದ ಹುಡುಗನ ಶೇ. 11. ಹೊಟ್ಟೆಕಿಚ್ಚು ಪಡುವ ಮೊದಲು ಅವನ ಸಂಬಳ ಎಷ್ಟಿತ್ತು ನೋಡಿ. ಪ್ರತಿ ಗ್ರೇಡಿಗೂ ಒಂದು ಬ್ಯಾಂಡ್ ಇರುತ್ತದೆ: ಕನಿಷ್ಠ, ನಡುಬಿಂದು, ಗರಿಷ್ಠ. ನಿಮ್ಮ ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿದರೆ ಬರುವ ಅಂಕೆಗೆ ಎಚ್‌ಆರ್‌ನವರು ಕಂಪಾ ರೇಶಿಯೋ ಎನ್ನುತ್ತಾರೆ. ಬ್ಯಾಂಡ್ ತಿಂಗಳಿಗೆ 50,000ದಿಂದ 90,000 ಎಂದುಕೊಂಡರೆ ನಡುಬಿಂದು 70,000. ನೀವು 80,000 ಪಡೆಯುತ್ತಿದ್ದಿರಿ, ಅಂದರೆ 1.14. ಅವನು 56,000 ಪಡೆಯುತ್ತಿದ್ದರೆ 0.80. ರೇಟಿಂಗ್ ಒಂದೇ ಇದ್ದರೂ ಬ್ಯಾಂಡಿನ ಕೆಳಗಿರುವವನಿಗೆ ಹೆಚ್ಚು ಶೇಕಡಾ, ಮೇಲಿರುವವನಿಗೆ ಕಡಿಮೆ ಶೇಕಡಾ ಎಂಬ ಕೋಷ್ಟಕವನ್ನು ಎಚ್‌ಆರ್ ಮೊದಲೇ ಮಾಡಿಟ್ಟಿರುತ್ತದೆ. ಶೇ. 11 ಬಂದ ಮೇಲೂ ಅವನು ತಲುಪಿದ್ದು 62,160, ನೀವು 84,800. ಅವನು ನಿಮ್ಮನ್ನು ಹಿಂದೆ ಹಾಕಿಲ್ಲ.

ಆದರೆ ಇದೇ ಲೆಕ್ಕ ನಿಮಗೆ ಬೇರೊಂದು ಸುದ್ದಿ ಹೇಳುತ್ತದೆ. 84,800ರ ಮೇಲೆ ಇನ್ನೊಂದು ಶೇ. 6 ಬಂದರೆ 89,888. ಅಲ್ಲಿಗೆ ಬ್ಯಾಂಡಿನ ತುದಿ. ಅದರಾಚೆ 4 ರೇಟಿಂಗ್ ತಂದರೂ ಇನ್‌ಕ್ರಿಮೆಂಟ್ ಬದಲು ಒಂದೇ ಸಲದ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗಳೇ ಹೆಚ್ಚು. ಆದ್ದರಿಂದ ನೀವು ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾಕೆ 6?’ ಅಲ್ಲ, ‘ನನ್ನ ಗ್ರೇಡಿನ ಬ್ಯಾಂಡಿನಲ್ಲಿ ನಾನು ಎಲ್ಲಿದ್ದೇನೆ?’ ಎಂಬುದು. ಅಂಕೆ ಹೇಳದಿದ್ದರೂ ‘ಮೇಲಿನ ಭಾಗದಲ್ಲಿದ್ದೀರಿ’ ಅಥವಾ ‘ನಡುವೆ’ ಎಂದು ಹೇಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನಡುವಿನಲ್ಲಿ ಅಥವಾ ಕೆಳಗಿದ್ದರೆ ರೇಟಿಂಗ್‌ಗಾಗಿ ಶ್ರಮಪಡಿ. ಮೇಲಿದ್ದರೆ ರೇಟಿಂಗ್ ಒಂದರಿಂದಲೇ ಏನೂ ಆಗದು, ಬಡ್ತಿಯ ಕಡೆ ನೋಡಬೇಕು. ಅದರ ಮಾತಿಗೆ ಆಮೇಲೆ ಬರೋಣ.

ಲೈನಿನ ಮೇಲಿನ ಕಾರ್ಮಿಕರ ಜೊತೆಗೂ ಹೋಲಿಸಿಕೊಳ್ಳಬೇಡಿ. ಪಿಂಪ್ರಿ-ಚಿಂಚವಡ, ಚಾಕಣ್ ಕಡೆ ಯೂನಿಯನ್ ಇರುವ ಕಾರ್ಖಾನೆಗಳಲ್ಲಿ ಅವರ ಏರಿಕೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಆಗುವ ಅಗ್ರಿಮೆಂಟ್‌ನಲ್ಲಿ ಇಡಿಯಾಗಿ ನಿಗದಿಯಾಗುತ್ತದೆ, ಅಪ್ರೈಸಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಚಿಕ್ಕಪ್ಪನ ಮಗನ ಜೊತೆಗಂತೂ ಬೇಡವೇ ಬೇಡ, ಊರ ಜಾತ್ರೆಗೆ ಹೋದಾಗ ಮನೆಯವರು ಎಷ್ಟೇ ಹೋಲಿಸಲಿ.

ಕ್ಯಾಲಿಬ್ರೇಶನ್ ಎಂದರೆ ಏನು ನಡೆಯುತ್ತದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದೇ ಮುಖ್ಯ. ಪ್ಲಾಂಟ್ ಹೆಡ್, ಎಚ್‌ಆರ್, ಪ್ರೊಡಕ್ಷನ್, ಕ್ವಾಲಿಟಿ, ಮೇಂಟೆನೆನ್ಸ್, ಸ್ಟೋರ್ಸ್ ಮುಖ್ಯಸ್ಥರು ಒಂದು ಕೋಣೆಯಲ್ಲಿ ಕೂರುತ್ತಾರೆ. ಪರದೆಯ ಮೇಲೆ ಎಲ್ಲರ ಹೆಸರು, ಎದುರಿಗೆ ಮ್ಯಾನೇಜರ್ ಹಾಕಿದ ರೇಟಿಂಗ್. 3 ಇದ್ದವರ ಬಗ್ಗೆ ಚರ್ಚೆಯೇ ಇಲ್ಲ, ಸಾಲು ದಾಟುತ್ತಾ ಹೋಗುತ್ತದೆ. 4, 5 ಮತ್ತು 2, 1 ಇದ್ದವರ ಹೆಸರಿನ ಮೇಲೆ ಮಾತ್ರ ನಿಲ್ಲುತ್ತಾರೆ, ಅದೂ ಎರಡು ಮೂರು ನಿಮಿಷ. ‘ಇವನಿಗೆ 4 ಯಾಕೆ?’ ಎಂದು ಪ್ಲಾಂಟ್ ಹೆಡ್ ಕೇಳುತ್ತಾರೆ. ನಿಮ್ಮ ಮ್ಯಾನೇಜರ್‌ಗೆ ಹೇಳಲು ಸಿಗುವುದು ಎರಡೋ ಮೂರೋ ವಾಕ್ಯ. ಆಮೇಲೆ ಬೇರೆ ಇಲಾಖೆಯವರು ಬಾಯಿ ಹಾಕುತ್ತಾರೆ. ಕ್ವಾಲಿಟಿಯವರ ಹೆಸರು ಬಂದಾಗ ಬಾಯಿ ಹಾಕುವವರು ಯಾರು ಎಂದು ನಿಮಗೇ ಗೊತ್ತು: ಪ್ರೊಡಕ್ಷನ್ ಮ್ಯಾನೇಜರ್. ‘ಅವನಾ? ಸುಮ್ಮಸುಮ್ಮನೆ ಲೈನ್ ನಿಲ್ಲಿಸ್ತಾನೆ.’ ಈ ಒಂದು ಮಾತಿಗೆ ನಿಮ್ಮ ಮ್ಯಾನೇಜರ್ ಬಳಿ ಉತ್ತರ ಇಲ್ಲದಿದ್ದರೆ 4 ಇದ್ದದ್ದು ಅಲ್ಲೇ 3 ಆಗುತ್ತದೆ.

ಉತ್ತರ ನೀವೇ ತಯಾರು ಮಾಡಿಕೊಡಬೇಕು. ತಪ್ಪು ಮಾಲನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ನೀವು ಹೋಲ್ಡ್ ಹಾಕಿದ, ಅಂದರೆ ಅನುಮಾನದ ಮಾಲನ್ನು ತಡೆದಿಟ್ಟ ಪ್ರತಿ ಸಲವೂ ನಾಲ್ಕು ಸಂಗತಿ ಬರೆದಿಡಿ: ಯಾವ ಲಾಟ್, ಎಷ್ಟು ಬಿಡಿಭಾಗ, ತಪಾಸಣೆಯಲ್ಲಿ ಕೊನೆಗೆ ಏನು ಸಿಕ್ಕಿತು, ಹೋಲ್ಡ್ ಹಾಕಿದ್ದರಿಂದ ತೀರ್ಮಾನದವರೆಗೆ ಎಷ್ಟು ಹೊತ್ತಾಯಿತು. ವರ್ಷದ ಕೊನೆಗೆ ‘22 ಹೋಲ್ಡ್, ಅದರಲ್ಲಿ 19 ನಿಜವಾದ ದೋಷ, ತೀರ್ಮಾನಕ್ಕೆ ಮೊದಲು ನಾಲ್ಕು ಗಂಟೆ ಹಿಡಿಯುತ್ತಿತ್ತು, ಈಗ ಒಂದೂವರೆ ಗಂಟೆ’ ಎಂದು ಹೇಳಲು ಬಂದರೆ ಪ್ರೊಡಕ್ಷನ್‌ನವರ ಮಾತು ಅಲ್ಲಿಗೆ ನಿಲ್ಲುತ್ತದೆ. ಉಳಿದ 3 ಹೋಲ್ಡ್ ಯಾಕೆ ತಪ್ಪಿದವು ಎನ್ನುವುದನ್ನೂ ನೋಡಿ. ಅನೇಕ ಸಲ ಕಾರಣ ಗೇಜು, ಅಂದರೆ ಅಳತೆಯ ಸಾಧನ. ಪ್ರೊಡಕ್ಷನ್‌ನವರ ಗೇಜಿನಲ್ಲಿ ಸರಿ, ಕ್ವಾಲಿಟಿಯವರ ಗೇಜಿನಲ್ಲಿ ತಪ್ಪು ಎಂಬ ಜಗಳ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಗೇಜ್ ಆರ್ ಅಂಡ್ ಆರ್ (ಗೇಜಿನ ಅಳತೆಯಲ್ಲೇ ಎಷ್ಟು ಏರುಪೇರಿದೆ ಎಂಬ ಪರೀಕ್ಷೆ) ತೆಗೆದು ನೋಡಿದರೆ ಶೇ. 30 ದಾಟಿರುತ್ತದೆ, ಅಂಥ ಗೇಜು ಬಳಕೆಗೇ ಯೋಗ್ಯವಲ್ಲ. ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ಆ ಒಂದು ಗೇಜನ್ನು ಬದಲಿಸಿ ಜಗಳ ಮುಗಿಸಿದರೆ ವರ್ಷದುದ್ದಕ್ಕೂ ಹತ್ತು 8ಡಿ ರಿಪೋರ್ಟ್ (ದೂರಿನ ಕಾರಣ ಹುಡುಕಿ ಪರಿಹರಿಸಿದ್ದನ್ನು ಎಂಟು ಹಂತಗಳಲ್ಲಿ ಬರೆಯುವ ವರದಿ) ಬರೆದದ್ದಕ್ಕಿಂತ ಹೆಚ್ಚು ಲಾಭ. ಯಾಕೆಂದರೆ ನಿಮ್ಮ ವಿರುದ್ಧ ಮಾತಾಡುತ್ತಿದ್ದವರೇ ಆ ಕೋಣೆಯಲ್ಲಿ ನಿಮ್ಮ ಪರವಾಗುತ್ತಾರೆ.

8ಡಿ ಎಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ‘ಈ ವರ್ಷ 12 8ಡಿ ಮುಚ್ಚಿದೆ’ ಎಂದು ಫಾರ್ಮಿನಲ್ಲಿ ಬರೆಯುವುದು ಕ್ವಾಲಿಟಿಯವರ ರೂಢಿ. ಅದನ್ನು ಓದಿದ ಪ್ಲಾಂಟ್ ಹೆಡ್‌ಗೆ ಮೊದಲು ಹೊಳೆಯುವುದು, ‘ಹಾಗಾದರೆ 12 ದೂರು ಬಂದವು’ ಎಂದು. ಮುಚ್ಚಿದ ಲೆಕ್ಕ ಬೇಡ, ಮರುಕಳಿಸದ ಲೆಕ್ಕ ಕೊಡಿ.

ಸೆಲ್ಫ್ ಅಪ್ರೈಸಲ್‌ನಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಇಂಥದ್ದು: ‘ಗ್ರಾಹಕರ ದೂರುಗಳನ್ನು ಸಮಯಕ್ಕೆ ಸರಿಯಾಗಿ ನಿಭಾಯಿಸಿದೆ, ತಂಡದ ಜೊತೆ ಹೊಂದಿಕೊಂಡು ಕೆಲಸ ಮಾಡಿದೆ.’ ಇದರಿಂದ ಮ್ಯಾನೇಜರ್ ಏನನ್ನೂ ಎತ್ತಿಕೊಳ್ಳಲು ಆಗುವುದಿಲ್ಲ. ಅದೇ ಕೆಲಸವನ್ನು ಹೀಗೆ ಬರೆಯಬಹುದು:

‘ಬ್ರಾಕೆಟ್ ಲೈನ್: ಏಪ್ರಿಲ್-ಜೂನ್‌ನಲ್ಲಿ ಕಳಿಸಿದ 1,20,000ದಲ್ಲಿ 54 ಗ್ರಾಹಕರಿಂದ ವಾಪಸು, 450 ಪಿಪಿಎಂ (ಹತ್ತು ಲಕ್ಷಕ್ಕೆ 450). ಕಾರಣ: ವೆಲ್ಡಿಂಗ್ ಫಿಕ್ಸ್‌ಚರ್‌ನ ಲೊಕೇಟಿಂಗ್ ಪಿನ್ ಸವೆದಿತ್ತು. ಪಿನ್ ಬದಲಿಸುವ ಅವಧಿ ನಿಗದಿಯಾಯಿತು, ಶಿಫ್ಟ್ ಶುರುವಿನಲ್ಲಿ ಗೋ-ನೋಗೋ ಗೇಜ್ ತಪಾಸಣೆ ಸೇರಿತು. ಅಕ್ಟೋಬರ್-ಡಿಸೆಂಬರ್‌ನಲ್ಲಿ ಅಷ್ಟೇ ಮಾಲಿಗೆ 18 ವಾಪಸು, 150 ಪಿಪಿಎಂ. ಗ್ರಾಹಕರ ಕಾರ್ಖಾನೆಯಲ್ಲಿ ಹೊರಗಿನವರಿಂದ ಮಾಡಿಸುತ್ತಿದ್ದ ಸಾರ್ಟಿಂಗ್‌ನ ತಿಂಗಳ 40,000 ರೂ. ಬಿಲ್ ಸೆಪ್ಟೆಂಬರ್‌ನಿಂದ ಇಲ್ಲ. ಪಿನ್ ಮಾಡಿದ್ದು ಟೂಲ್‌ರೂಂ. ಕಾರಣ ಹುಡುಕಿದ್ದು, ತಪಾಸಣೆ ರೂಪಿಸಿದ್ದು ನಾನು.’

ಕೊನೆಯ ಸಾಲನ್ನು ಗಮನಿಸಿ. ಎಲ್ಲವನ್ನೂ ‘ನಾನು’ ಎಂದು ಬರೆದರೆ ಟೂಲ್‌ರೂಂ ಮುಖ್ಯಸ್ಥರು ಅದೇ ಕೋಣೆಯಲ್ಲಿ ಕೂತಿರುತ್ತಾರೆ, ಮುಖ ಕೆಡುತ್ತದೆ. ಎಲ್ಲವನ್ನೂ ‘ನಾವು’ ಎಂದು ಬರೆದರೆ ನಿಮ್ಮ ಪಾಲು ಏನೆಂದೇ ಗೊತ್ತಾಗುವುದಿಲ್ಲ. ನಮ್ಮ ಕಡೆಯವರಿಗೆ ಎರಡನೆಯ ಚಾಳಿ ಹೆಚ್ಚು. ತನ್ನ ಕೆಲಸವನ್ನು ತಾನೇ ಹೇಳಿಕೊಂಡರೆ ಜಂಬ ಎಂದು ಬೆಳೆಸಿರುತ್ತಾರೆ. ಅಂಕೆ ಬರೆಯುವುದು ಜಂಬವಲ್ಲ, ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಅಳತೆ ಬರೆದಷ್ಟೇ ಸಹಜ.

ಇಂಥ ಮೂರು ಸಂಗತಿ ಸಾಕು. ಹದಿನೈದು ಬರೆದರೆ ಎಂಟು ಜನರ ಫಾರ್ಮ್ ಓದಬೇಕಾದ ಮ್ಯಾನೇಜರ್ ಮೊದಲ ಎರಡು ಓದಿ ಉಳಿದದ್ದನ್ನು ಕಣ್ಣಾಡಿಸಿ ಬಿಡುತ್ತಾರೆ. ಹಣದ ಉಳಿತಾಯ ಬರೆಯುವಾಗ ಎಚ್ಚರ: ಫೈನಾನ್ಸ್‌ನವರು ಒಪ್ಪದ ಲಕ್ಷಗಳನ್ನು ಹಾಕಿದರೆ ಒಂದು ಅಂಕೆ ಬಿದ್ದ ಕೂಡಲೇ ಉಳಿದ ಅಂಕೆಗಳ ಮೇಲೂ ಅನುಮಾನ ಬರುತ್ತದೆ. ನಿಂತುಹೋದ ಬಿಲ್ಲು, ಗ್ರಾಹಕರ ಮೇಲ್, ರಿಜೆಕ್ಷನ್ ನೋಟಿನ ನಂಬರು, ಇಂಥ ಕೈಗೆ ಸಿಗುವ ಪುರಾವೆ ಇರುವುದನ್ನೇ ಬರೆಯಿರಿ.

ಇವೆಲ್ಲ ಜನವರಿಯಲ್ಲಿ ಕೂತು ನೆನಪು ಮಾಡಿಕೊಂಡರೆ ಬರುವುದಿಲ್ಲ. ಶುಕ್ರವಾರ ಸಂಜೆ ಬಸ್ಸು ಹತ್ತುವ ಮುಂಚೆ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು: ತಾರೀಖು, ತೊಂದರೆ, ಮಾಡಿದ್ದು, ಮೊದಲ ಅಂಕೆ, ನಂತರದ ಅಂಕೆ, ಪುರಾವೆ ಎಲ್ಲಿದೆ. ಹಾಳೆ ಕಂಪನಿಯ ಕಂಪ್ಯೂಟರಿನಲ್ಲೇ ಇರಲಿ. ಗ್ರಾಹಕರ ಡ್ರಾಯಿಂಗು, ರಿಪೋರ್ಟುಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದು ಬಹಳ ಕಡೆ ಶಿಸ್ತುಕ್ರಮದ ವಿಷಯ. ಒಂದು ಇನ್‌ಕ್ರಿಮೆಂಟ್‌ಗಾಗಿ ನೌಕರಿಗೇ ಕುತ್ತು ತಂದುಕೊಳ್ಳಬೇಡಿ. ಈ ಹಾಳೆಯಿಂದ ಆರು ಸಾಲಿನ ಮೇಲ್ ಒಂದನ್ನು ಜುಲೈ, ಅಕ್ಟೋಬರ್, ಜನವರಿ ಮೊದಲ ವಾರ ಮ್ಯಾನೇಜರ್‌ಗೆ ಕಳಿಸಿ. ಉತ್ತರ ಬರದಿದ್ದರೂ ಕಳಿಸಿ. ಫೆಬ್ರವರಿಯಲ್ಲಿ ರೇಟಿಂಗ್ ತುಂಬಲು ಕೂತವರಿಗೆ ನೆನಪಿರುವುದು ಡಿಸೆಂಬರ್-ಜನವರಿ ಮಾತ್ರ. ಜನವರಿಯಲ್ಲಿ ಒಂದು ಲೈನ್ ಸ್ಟಾಪ್ ಆಗಿ ಗ್ರಾಹಕರು ಕೂಗಾಡಿದ್ದರೆ ಹಿಂದಿನ ಒಂಬತ್ತು ತಿಂಗಳು ನೀರಿನಲ್ಲಿ ಹೋಮ. ಹಳೆಯ ಮೂರು ಮೇಲ್ ಇದ್ದರೆ ಅದನ್ನು ತಡೆಯಬಹುದು.

ಅಕ್ಟೋಬರ್‌ನಲ್ಲಿ ಅರ್ಧವಾರ್ಷಿಕ ರಿವ್ಯೂ ಇದ್ದರೆ ಅದೇ ನಿಮ್ಮ ನಿಜವಾದ ಅಪ್ರೈಸಲ್. ಇಲ್ಲದಿದ್ದರೆ ನೀವೇ ಅರ್ಧ ಗಂಟೆ ಕೇಳಿ ಪಡೆಯಿರಿ, ಬಜೆಟ್ ಇನ್ನೂ ತೆರೆದಿರುವ ಹೊತ್ತದು. ಅಂದು ದುಡ್ಡಿನ ಮಾತು ಎತ್ತಬೇಡಿ. ಎರಡೇ ಪ್ರಶ್ನೆ. ‘ಸರ್, ಮಾರ್ಚ್‌ನಲ್ಲಿ ನನ್ನ ಹೆಸರಿಗೆ 4 ಹಾಕಿ ನೀವು ಗಟ್ಟಿಯಾಗಿ ನಿಲ್ಲಬೇಕು ಅಂದರೆ ಅಷ್ಟರೊಳಗೆ ಯಾವ ಎರಡು ಕೆಲಸ ಮುಗಿದಿರಬೇಕು?’ ಇದೊಂದು. ‘ಆ ಮೀಟಿಂಗಿನಲ್ಲಿ ನನ್ನ ಬಗ್ಗೆ ಎದುರುಮಾತು ಬಂದರೆ ಯಾರಿಂದ ಬರಬಹುದು, ಏನಂತ?’ ಇದು ಇನ್ನೊಂದು. ಎರಡನೆಯದಕ್ಕೆ ಸಿಗುವ ಉತ್ತರ ಮೊದಲನೆಯದಕ್ಕಿಂತ ಬೆಲೆಬಾಳುತ್ತದೆ. ಅದೇ ದಿನ ಸಂಜೆ, ‘ಇವತ್ತು ಮಾತಾಡಿದ್ದು ಹೀಗೆ’ ಎಂದು ಮೂರು ಸಾಲಿನ ಮೇಲ್ ಹಾಕಿ. ಮ್ಯಾನೇಜರ್ ನಡುವೆ ಬದಲಾದರೆ, ಚಾಕಣ್‌ನಲ್ಲಿ ಇದು ಬಹಳ ಸಾಮಾನ್ಯ, ಹೊಸಬರಿಗೆ ತೋರಿಸಲು ನಿಮ್ಮ ಬಳಿ ಅದೊಂದೇ ಆಧಾರ.

ಪತ್ರ ಈಗಾಗಲೇ ಬಂದಿರುವುದರಿಂದ ಅದನ್ನೂ ಒಮ್ಮೆ ಸರಿಯಾಗಿ ಓದಿ. ಶೇ. 6 ಎಂದರೆ ತಿಂಗಳಿಗೆ 4,800 ರೂ. ಸಿಟಿಸಿ ಏರಿಕೆ. ಕೈಗೆ ಬರುವುದು ಅಷ್ಟಲ್ಲ. ಬೇಸಿಕ್ ಸಿಟಿಸಿಯ ಅರ್ಧ, ವೇರಿಯಬಲ್ (ಸಾಧನೆ ನೋಡಿ ಕೊಡುವ, ಖಚಿತವಲ್ಲದ ಪಾಲು) ಶೇ. 10 ಎಂದುಕೊಂಡರೆ ಲೆಕ್ಕ ಹೀಗೆ: ವೇರಿಯಬಲ್‌ಗೆ 480 ಹೋಯಿತು, ಏರಿದ ಬೇಸಿಕ್ 2,400ರ ಮೇಲೆ ಕಂಪನಿಯ ಪಿಎಫ್ ಶೇ. 12, ಅಂದರೆ 288, ನಿಮ್ಮ ಪಾಲಿನ ಪಿಎಫ್ ಇನ್ನೊಂದು 288, ಗ್ರಾಚ್ಯುಟಿ ಶೇ. 4.81ರಂತೆ 115. ಉಳಿದದ್ದು ಸುಮಾರು 3,630. ಕಂಪನಿ ಪಿಎಫ್ ಅನ್ನು 15,000 ರೂ. ಮಿತಿಯ ಮೇಲೆ, ಅಂದರೆ 1,800ಕ್ಕೇ ನಿಲ್ಲಿಸಿದ್ದರೆ ಪಿಎಫ್‌ನ ಎರಡೂ ಕಡಿತ ಏರುವುದಿಲ್ಲ, ಕೈಗೆ ಸುಮಾರು 4,200 ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 12 ಲಕ್ಷದವರೆಗಿನ ರಿಯಾಯಿತಿ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್‌ನಿಂದಾಗಿ ನಿಮಗೆ ಸಂಬಳದ ಮೇಲೆ ಆದಾಯ ತೆರಿಗೆ ಬೀಳುವುದಿಲ್ಲ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಅದರಲ್ಲಿ ಬದಲಾವಣೆ ಇಲ್ಲ.

ಇನ್ನೊಂದು ನೋಡಬೇಕಾದದ್ದು ಬೇಸಿಕ್. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ದಾಟಿದರೆ ದಾಟಿದಷ್ಟನ್ನೂ ವೇತನವೆಂದೇ ಲೆಕ್ಕ ಹಿಡಿಯಬೇಕು. ಹಾಗಾಗಿ ಬೇಸಿಕ್ ಕಡಿಮೆ ಇಟ್ಟಿದ್ದ ಕಂಪನಿಗಳು ಅದನ್ನು ಏರಿಸುತ್ತಿವೆ. ಸಿಟಿಸಿ ಅಷ್ಟೇ ಇದ್ದು ಬೇಸಿಕ್ ಮಾತ್ರ ಏರಿದರೆ ಕೈಗೆ ಬರುವುದು ಕಡಿಮೆಯಾಗಿ ಪಿಎಫ್, ಗ್ರಾಚ್ಯುಟಿ ಬೆಳೆಯುತ್ತವೆ. ಅದು ಮೋಸವಲ್ಲ, ಆದರೆ ಅದನ್ನೇ ಇನ್‌ಕ್ರಿಮೆಂಟ್ ಎಂದು ತೋರಿಸಿದ್ದರೆ ಕೇಳಿ. ವೇರಿಯಬಲ್‌ನ ಪಾಲು ಹಳೆಯ ಪತ್ರಕ್ಕಿಂತ ಹೆಚ್ಚಾಗಿದೆಯೇ ಎಂದೂ ನೋಡಿ. ಶೇ. 10 ಇದ್ದದ್ದು 15 ಆಗಿದ್ದರೆ ನಿಮ್ಮ ಖಚಿತ ಸಂಬಳ ಹೆಚ್ಚುಕಡಿಮೆ ಏರಿಲ್ಲ ಎಂದೇ ಅರ್ಥ, ಪಿಎಫ್ ಏರಿದ್ದರೆ ಕೈಗೆ ಬರುವುದು ಸ್ವಲ್ಪ ಇಳಿದೂ ಇರಬಹುದು. ಹಳೆಯ 9.6 ಲಕ್ಷದ ಶೇ. 10 ಆದ 96,000ದ ವೇರಿಯಬಲ್ ಕೂಡ ಪೂರ್ತಿ ಬರುವ ಹಣವಲ್ಲ. ಕಂಪನಿಯ ಸಾಧನೆ ಶೇ. 80 ಎಂದು ಘೋಷಣೆಯಾದರೆ, ನಿಮ್ಮ ಪಾಲು ನೂರಕ್ಕೆ ನೂರಿದ್ದರೂ 76,800.

ಬಡ್ತಿಗೆ ಬರೋಣ. ಮುಂದಿನ ಗ್ರೇಡಿನ ಬ್ಯಾಂಡ್ 75,000ದಿಂದ 1,30,000 ಎಂದುಕೊಂಡರೆ ಅದರ ನಡುಬಿಂದು 1,02,500. ನಿಮ್ಮ 84,800 ಅಲ್ಲಿ 0.83 ಆಗುತ್ತದೆ. ಇಲ್ಲಿ ತುದಿಯಲ್ಲಿದ್ದವರು ಅಲ್ಲಿ ಕೆಳಭಾಗಕ್ಕೆ ಬರುತ್ತೀರಿ. ಬಡ್ತಿಯ ಜೊತೆ ಶೇ. 12 ಸಿಕ್ಕರೂ 94,976, ಇನ್ನೂ ನಡುಬಿಂದುವಿನ ಕೆಳಗೇ. ಅಂದರೆ ಆಮೇಲಿನ ಎರಡು ಮೂರು ವರ್ಷ ಅದೇ 3 ರೇಟಿಂಗ್‌ಗೂ ಪಕ್ಕದ ಹುಡುಗನಿಗೆ ಸಿಕ್ಕಂಥ ಹೆಚ್ಚಿನ ಶೇಕಡಾ ನಿಮಗೆ ಸಿಗುವ ಜಾಗದಲ್ಲಿರುತ್ತೀರಿ. ಬಡ್ತಿಯ ಹಣ ಬೇರೆ ಗಂಟಿನಿಂದ ಬರುವುದರಿಂದ ಮ್ಯಾನೇಜರ್ ಉಳಿದ ಏಳು ಜನರ ಪಾಲು ಕತ್ತರಿಸಬೇಕಾಗಿಯೂ ಇಲ್ಲ. ನಿಮ್ಮ ಪರ ವಾದಿಸಲು ಅವರಿಗೂ ಸುಲಭ.

ಬಡ್ತಿ ತಪ್ಪುವುದು ಎಲ್ಲಿ ಎಂದರೆ, ಈಗಿನ ಕೆಲಸವನ್ನು ಬಲು ಚೆನ್ನಾಗಿ ಮಾಡುವವನನ್ನು ಅಲ್ಲಿಂದ ಕದಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ‘ಅವನಿಲ್ಲದಿದ್ದರೆ ಬ್ರಾಕೆಟ್ ಲೈನ್ ನೋಡುವವರಿಲ್ಲ’ ಎಂದರೆ ಹೊಗಳಿಕೆಯೂ ಹೌದು, ಬೇಡಿಯೂ ಹೌದು. ಕಿರಿಯನೊಬ್ಬನಿಗೆ ನಿಮ್ಮ ಲೈನಿನ ಕಂಟ್ರೋಲ್ ಪ್ಲಾನ್, ಗೇಜುಗಳು, ಗ್ರಾಹಕರ ಪೋರ್ಟಲ್ ಕಲಿಸಿ, ನೀವು ಊರಿಗೆ ಹೋದ ವಾರ ಅವನೇ ನಡೆಸುವಂತೆ ಮಾಡಿ. ಜೊತೆಗೆ ಮೇಲಿನ ಗ್ರೇಡಿನ ಒಂದು ಕೆಲಸವನ್ನು ಈಗಲೇ ಕೈಗೆ ತೆಗೆದುಕೊಳ್ಳಿ: ಸಪ್ಲೈಯರ್ ಆಡಿಟ್, ಹೊಸ ಬಿಡಿಭಾಗದ ಪಿಪಿಎಪಿ (ತಯಾರಿಕೆಗೆ ಗ್ರಾಹಕರ ಒಪ್ಪಿಗೆ ಪಡೆಯುವ ಕೆಲಸ), ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ಮಾನದಂಡ) ಒಳ ತಪಾಸಣೆ, ಯಾವುದಾದರೂ ಒಂದು. ಗ್ರೇಡಿನಲ್ಲಿ ಇಂತಿಷ್ಟು ವರ್ಷ ಆಗಿರಬೇಕು ಎಂಬ ನಿಯಮ ಇದೆಯೇ ಎಂದು ಎಚ್‌ಆರ್‌ನಲ್ಲಿ ಮೊದಲೇ ವಿಚಾರಿಸಿಡಿ. ಅರ್ಹತೆಗೆ ಒಂದು ತಿಂಗಳು ಕಡಿಮೆ ಎಂದು ಇಡೀ ವರ್ಷ ಮುಂದಕ್ಕೆ ಹೋಗುವುದುಂಟು.

ಕೊನೆಗೆ ಆಫರ್ ಲೆಟರ್. ಕೆಲವೊಮ್ಮೆ ಕೆಲಸ ಆಗುತ್ತದೆ. ಆದರೆ ವರ್ಷದ ನಡುವೆ ಸಂಬಳ ಏರಿಸಲು ಮ್ಯಾನೇಜರ್ ಪ್ಲಾಂಟ್ ಹೆಡ್ ಬಳಿ, ಅವರು ಎಚ್‌ಆರ್ ಬಳಿ ಹೋಗಬೇಕು. ಅಷ್ಟು ಓಡಾಡಿ ಕೊಡಿಸಿದ್ದನ್ನು ಮುಂದಿನ ಏಪ್ರಿಲ್‌ನಲ್ಲಿ ಹೆಚ್ಚಿನ ಕಡೆ ಮುರಿದುಕೊಳ್ಳುತ್ತಾರೆ: ‘ಅವನಿಗೆ ಈಗಷ್ಟೇ ಕೊಟ್ಟೆವಲ್ಲ’. ಬಡ್ತಿಯ ಪಟ್ಟಿಯಲ್ಲೂ ‘ಹೋಗುವವನು’ ಎಂಬ ಗುರುತು ಅಂಟಿಕೊಳ್ಳುತ್ತದೆ. ಆದ್ದರಿಂದ ‘ಸರಿ, ಹೋಗಪ್ಪ’ ಎಂದರೆ ನಿಜವಾಗಿಯೂ ಹೋಗುವ ಕಂಪನಿಯ ಪತ್ರವನ್ನು ಮಾತ್ರ ತೋರಿಸಿ. ಹೆದರಿಸಲು ತರುವ ಪತ್ರ ಬೇಡ.

ಆಫರ್ ಹೋಲಿಸುವಾಗ ಖಚಿತ ಸಂಬಳವನ್ನು ಖಚಿತ ಸಂಬಳದ ಜೊತೆಗೇ ಇಟ್ಟು ನೋಡಿ, ವೇರಿಯಬಲ್ ಮತ್ತು ಜಾಯಿನಿಂಗ್ ಬೋನಸ್ ಹೊರಗಿಡಿ. ಜಾಯಿನಿಂಗ್ ಬೋನಸ್‌ಗೆ ಸಾಮಾನ್ಯವಾಗಿ ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತು ಇರುತ್ತದೆ. ನಿಗಡಿಯಲ್ಲಿ ಮನೆ ಮಾಡಿಕೊಂಡವರಿಗೆ ಚಾಕಣ್ ಬೇರೆ, ದೂರದ ರಾಂಜಣಗಾಂವ್ ಬೇರೆ. ಕಂಪನಿ ಬಸ್ಸು ನಿಮ್ಮ ಕಡೆ ಬರುತ್ತದೆಯೇ, ಕ್ಯಾಂಟೀನ್ ಇದೆಯೇ, ವಾರಕ್ಕೆ ಐದು ದಿನವೋ ಆರೋ ಕೇಳಿಕೊಳ್ಳಿ. ಆರನೆಯ ದಿನ ಸೇರಿದರೆ ಶೇ. 15ರ ಏರಿಕೆ ಅಲ್ಲೇ ಕರಗುತ್ತದೆ.

ನಿಮಗೆ ಮಾತ್ರ ಅನ್ವಯಿಸುವ ಒಂದು ಲೆಕ್ಕ ಉಳಿದಿದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷದ ಸೇವೆ ಬೇಕು. ನಿಮ್ಮ ಬೇಸಿಕ್ 42,400 ಎಂದುಕೊಂಡರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 5 ವರ್ಷಕ್ಕೆ ಲೆಕ್ಕ ಹಾಕಿದಾಗ ಸುಮಾರು 1,22,300 ರೂ. ನಾಲ್ಕು ವರ್ಷ 240 ದಿನ ಆದರೂ ಸಾಕು ಎನ್ನುವ ಹೈಕೋರ್ಟ್ ತೀರ್ಪುಗಳಿವೆ, ಆದರೆ ಕಂಪನಿ ಒಪ್ಪದಿದ್ದರೆ ಅಲೆಯಬೇಕಾದವರು ನೀವು. ಮೇ ತಿಂಗಳಿಗೆ ನಾಲ್ಕೂವರೆ ಆಗಿದ್ದರೆ ಐದು ತುಂಬುವುದು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ಅಕ್ಟೋಬರ್‌ನ ಮಾತುಕತೆಯೂ ಆಗಿ, ಬಡ್ತಿಗೆ ದಾರಿ ಇದೆಯೋ ಇಲ್ಲವೋ ತಿಳಿದಿರುತ್ತದೆ. ಆಮೇಲೂ ಹೋಗಲೇಬೇಕೆಂದರೆ, ನೋಟಿಸ್ ಅವಧಿಯಲ್ಲಿ ಕೆಲಸ ಮಾಡಿದ ದಿನಗಳೂ ಸೇವೆಯ ಲೆಕ್ಕಕ್ಕೆ ಸೇರುತ್ತವೆ ನಿಜ, ಆದರೆ ಆ ಭರವಸೆಯ ಮೇಲೆ ಸೆಪ್ಟೆಂಬರ್‌ನಲ್ಲೇ ರಾಜೀನಾಮೆ ಹಾಕಬೇಡಿ. ಕಂಪನಿ ‘ನಾಳೆಯಿಂದ ಬರುವುದು ಬೇಡ’ ಎಂದು ನೋಟಿಸ್ ಮನ್ನಾ ಮಾಡಿದರೆ ಕೆಲವೇ ವಾರಗಳ ಅಂತರದಲ್ಲಿ ಆ ಮೊತ್ತ ಕೈತಪ್ಪುತ್ತದೆ. ಸೇರಿದ ತಾರೀಖನ್ನು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಡಿಕೊಳ್ಳಿ. ಟ್ರೇನಿ ಆಗಿ ಅಥವಾ ಕಾಂಟ್ರಾಕ್ಟರ್ ಮೂಲಕ ಸೇರಿದ್ದರೆ ಲೆಕ್ಕ ಎಂದಿನಿಂದ ಶುರು ಎನ್ನುವುದನ್ನು ಎಚ್‌ಆರ್‌ನಿಂದ ಮೇಲ್‌ನಲ್ಲೇ ಬರೆಸಿಕೊಳ್ಳಿ.